ನಾಲ್ಕು ಅಂಗೈ ನೆಲ

ಡಿಸೆಂಬರಿನ ಮುಂಜಾನೆ, ಆರೂಮುಕ್ಕಾಲು. ಹುಬ್ಬಳ್ಳಿಯ ಗೋಕುಲ ರಸ್ತೆಯ ಬೀದಿದೀಪಗಳು ಇನ್ನೂ ಆರಿಲ್ಲ. ಕಾರಿನ ಗಾಜಿನ ಮೇಲೆ ಕೂತ ಇಬ್ಬನಿಯನ್ನು ವೈಪರ್ ಎರಡು ಸಲ ಒರೆಸಿದರೂ ಮೂಲೆಗಳಲ್ಲಿ ಹಾಗೇ ಉಳಿದಿದೆ. ಹೊರಗೆ 14 ಡಿಗ್ರಿ ಎಂದು ಮುಂದಿನ ಪರದೆ ಹೇಳುತ್ತಿದೆ. ನಾನು ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿದ್ದೇನೆ. ಪಕ್ಕದಲ್ಲಿ ಕೂತ ಅಣ್ಣನ ಮಗ ಬರೀ ಟೀ ಶರ್ಟಿನಲ್ಲಿದ್ದಾನೆ. ಜರ್ಮನಿಯ ಸ್ಟಟ್‌ಗಾರ್ಟ್‌ನಿಂದ ರಜೆಗೆ ಬಂದವನಿಗೆ ನಮ್ಮ ಥಂಡಿ ಲೆಕ್ಕಕ್ಕೇ ಇಲ್ಲ.

ಒಳರಸ್ತೆಯಿಂದ ಗೋಕುಲ ರಸ್ತೆಗೆ ಹೊರಳುವ ತಿರುವು. ದೂರದಲ್ಲಿ ಬಸ್ಸಿನ ದೀಪ ಕಾಣುತ್ತಿದೆ, ಅದಕ್ಕಿಂತ ಮುಂಚೆ ದಾಟಿಬಿಡೋಣವೆಂದು ಆಕ್ಸಿಲರೇಟರ್ ಒತ್ತುತ್ತೇನೆ. 250 ಅಶ್ವಶಕ್ತಿಯ ಎಂಜಿನ್ನು, ಅದು ತಿರುಗಿಸುವುದು ಹಿಂದಿನ ಎರಡು ಗಾಲಿಗಳನ್ನು. ಕಾರಿನ ಹಿಂಭಾಗ ಯಾರೋ ಸೊಂಟಕ್ಕೆ ಕೈ ಹಾಕಿ ನೂಕಿದಂತೆ ಎಡಕ್ಕೆ ಸರಿಯುತ್ತದೆ. ಪರದೆಯ ಮೇಲೆ ಹಳದಿ ದೀಪ ಪಟಪಟ ಮಿಟುಕುತ್ತದೆ. ಎಂಜಿನ್ನಿನ ಸದ್ದು ತಾನೇ ತಗ್ಗಿ, ಕಾರು ನೆಟ್ಟಗಾಗುತ್ತದೆ. ಇದೆಲ್ಲ ಆದದ್ದು ಒಂದು ಉಸಿರಿನಷ್ಟು ಹೊತ್ತಿನಲ್ಲಿ. ಬಸ್ಸು ಹಾರ್ನ್ ಹೊಡೆದು ಪಕ್ಕದಿಂದ ಹೋಗುತ್ತದೆ. ಸ್ಟಿಯರಿಂಗ್ ಹಿಡಿದ ನನ್ನ ಬೆರಳುಗಳು ಬಿಗಿದೇ ಇವೆ.

"ಕಾಕಾ, ಗಾಡಿ ಜಾರ್ತಲ್ಲ? ರಸ್ತಾದಾಗ ಎಣ್ಣಿ ಚೆಲ್ಲೇತೇನು?"

ಎಣ್ಣೆ ಇಲ್ಲ, ಮಳೆಯೂ ಇಲ್ಲ. ಇಬ್ಬನಿಗೆ ತುಸು ಒದ್ದೆಯಾದ, ಧೂಳು ಹಿಡಿದ ಡಾಂಬರು, ಅಷ್ಟೇ. ಚಹಾದ ಗಾಡಿಯ ಪಕ್ಕ ನಿಲ್ಲಿಸಿ ಇಳಿಯುತ್ತೇವೆ. ಹಿಂದಿನ ಟೈರಿನ ಮೇಲೆ ಕೈ ಇಡುತ್ತೇನೆ. ರಬ್ಬರ್ ಎನ್ನುವಂತಿಲ್ಲ, ತಣ್ಣಗಿನ ಕಟ್ಟಿಗೆಯಂತಿದೆ. ಉಗುರು ಒತ್ತಿದರೆ ಗುರುತೇ ಮೂಡುವುದಿಲ್ಲ. ಗೆರೆಗಳು ಮಾತ್ರ ಇನ್ನೂ ಆಳವಾಗಿವೆ, ಅಂದಾಜು ನಾಲ್ಕು ಮಿಲಿಮೀಟರ್. ಕಾನೂನು ಕೇಳುವುದು 1.6. ಇಷ್ಟು ದಿನ ಆ ಗೆರೆಗಳನ್ನೇ ನೋಡಿ ನಾನು ನೆಮ್ಮದಿಯಾಗಿದ್ದೆ.

ಅಣ್ಣನ ಮಗ ಮೊಬೈಲಿನ ಬೆಳಕು ಬಿಟ್ಟು ಟೈರಿನ ಪಕ್ಕೆಯನ್ನು ಓದುತ್ತಾನೆ. ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ, ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ: 3117. ಅಂದರೆ 2017ರ ಮೂವತ್ತೊಂದನೇ ವಾರದಲ್ಲಿ ಅಚ್ಚಿನಿಂದ ಹೊರಬಿದ್ದ ಟೈರು. ಸೆಕೆಂಡ್ ಹ್ಯಾಂಡ್ ಕೊಂಡ ದಿನ ಎಂಜಿನ್ ಸದ್ದು ಕೇಳಿದೆ, ಬಣ್ಣ ನೋಡಿದೆ, ಕಾಗದಪತ್ರ ನೋಡಿದೆ. ಈ ನಾಲ್ಕು ಅಂಕಿಯನ್ನು ನೋಡಿರಲಿಲ್ಲ.

ಡಿಕ್ಕಿಯಲ್ಲಿದ್ದ ಗೇಜ್ ಹಚ್ಚಿ ನೋಡಿದರೆ ಹವಾ 28. ಬಾಗಿಲಿನ ಕಂಬದ ಚೀಟಿ ಹೇಳುವುದು 33. ಹಿಂದಿನ ಸಂಜೆಯಷ್ಟೇ ತುಂಬಿಸಿದ್ದೆ! ಆದರೆ ತುಂಬಿಸಿದ್ದು ಧಾರವಾಡದಿಂದ ಓಡಿಸಿಕೊಂಡು ಬಂದ ಮೇಲೆ, ಟೈರು ಕಾದಿದ್ದಾಗ. ಒಳಗಿನ ಗಾಳಿ ಬಿಸಿಗೆ ಹಿಗ್ಗಿ 33 ತೋರಿಸಿತ್ತು. ರಾತ್ರಿಯ ಥಂಡಿಗೆ ಕುಗ್ಗಿ ಐದು ಪಾಯಿಂಟ್ ಇಳಿದಿದೆ. ಸುಮಾರು ಐದೂವರೆ ಡಿಗ್ರಿ ಉಷ್ಣತೆ ಇಳಿದರೆ ಒಂದು ಪಾಯಿಂಟ್ ಹವಾ ಇಳಿಯುತ್ತದೆ. ಗಾಡಿ ಮೂರು ತಾಸಾದರೂ ನಿಂತ ಮೇಲೆಯೇ ಹವಾ ನೋಡಬೇಕೆನ್ನುವುದು ಇದಕ್ಕೇ.

ಚಹಾ ಬರುತ್ತದೆ. ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಲ್ಲುತ್ತೇನೆ, ಬಿಸಿ ಬೆರಳಿಗೆ ಹತ್ತಲಿ ಎಂದು. ಅವನು ಸ್ಟಟ್‌ಗಾರ್ಟ್‌ನ ಕತೆ ತೆಗೆಯುತ್ತಾನೆ. ಅಲ್ಲಿ ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು. ಬೇಸಿಗೆಯ ಟೈರುಗಳನ್ನು ಅಂಗಡಿಯವರೇ ಹೆಸರು ಬರೆದು ಕಾದಿಡುತ್ತಾರೆ. ಅದಕ್ಕೆ ಟೈರ್ ಹೋಟೆಲ್ ಅಂತಲೇ ಹೆಸರು. ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದಾಗ ಆ ಟೈರಿಲ್ಲದೆ ಓಡಿಸಿದರೆ ದಂಡ. 2024ರ ಅಕ್ಟೋಬರ್‌ನಿಂದ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಈ ಗುರುತಿದ್ದ ಟೈರನ್ನಷ್ಟೇ ಚಳಿಗಾಲದ್ದೆಂದು ಒಪ್ಪುತ್ತಾರೆ. ಏಳು ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆಯ ರಬ್ಬರ್ ಗಟ್ಟಿಯಾಗುತ್ತದೆ ಎಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ.

"ಹಂಗಾದ್ರ ನಮಗೂ ಅವೇ ಬೇಕೇನು?" ಅಂತ ಕೇಳುತ್ತೇನೆ.

"ಬ್ಯಾಡ ಕಾಕಾ. ಏಪ್ರಿಲ್ ಬಿಸಿಲಿಗೆ ಅಳಿಸೋ ರಬ್ಬರಿನಂಗ ಸವದು ಹೊಕ್ಕಾವು. ಬ್ರೇಕೂ ಸರಿ ಹತ್ತಂಗಿಲ್ಲ."

ಹುಬ್ಬಳ್ಳಿಯಲ್ಲಿ ಆ ಏಳು ಡಿಗ್ರಿ ಬರುವುದಿಲ್ಲ. ಆದರೂ ನಮ್ಮ 14ರಲ್ಲೇ ಗಾಡಿ ಜಾರಿತು. ಗಟ್ಟಿಯಾದದ್ದು ಒಂದು ರಾತ್ರಿಯ ಚಳಿಯಿಂದ ಅಲ್ಲ, ಎಂಟು ವರ್ಷದ ಬಿಸಿಲಿನಿಂದ. ಚಳಿ ಅದನ್ನು ಹೊರಗೆ ತೋರಿಸಿತು.

ಹತ್ತು ಗಂಟೆ. ಕೈಗಾರಿಕಾ ವಸಾಹತಿನ ಕಡೆಯ ಟೈರ್ ಅಂಗಡಿಯ ಶಟರ್ ಮೇಲೇರಿದೆ. ಒಳಗೆ ಹೊಸ ರಬ್ಬರಿನ ವಾಸನೆ, ಊದಿನಕಡ್ಡಿಯ ಹೊಗೆ, ಕಂಪ್ರೆಸರಿನ ಗಡಗಡ. ಈ ರಸ್ತೆಗೆ ಟೈರು ಹೊಸದಲ್ಲ. ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲೇ ಇದೆ, ದಿನವಿಡೀ ಬಸ್ಸು, ಲಾರಿ, ಟ್ಯಾಕ್ಸಿ. ಅಂಗಡಿಯವರು ಲಾರಿಯ ರಿಮೋಲ್ಡ್ ಟೈರುಗಳ ನಡುವೆ ಕೂದಲು ನೆರೆಸಿಕೊಂಡವರು. ನಮ್ಮ ಟೈರನ್ನು ಒಮ್ಮೆ ಮುಟ್ಟುತ್ತಾರೆ.

"ಸಾಹೇಬ್ರ, ಗೆರಿ ನೋಡಬ್ಯಾಡ್ರಿ, ಇಸವಿ ನೋಡ್ರಿ. ರಬ್ಬರ್ ಸತ್ತೈತಿ."

ಮೊದಲು ಇಳಿಸಿದ್ದು ಅಗ್ಗದ ಜೋಡಿ. ಪಕ್ಕೆಯ ಮೇಲೆ ಟ್ರೆಡ್‌ವೇರ್ 500 ಎಂದಿದೆ, ಬಹಳ ದಿನ ಬಾಳುವ ಗಟ್ಟಿ ರಬ್ಬರು. ಅಳತೆ ನಮ್ಮದೇ, 225/50 ಆರ್ 17. ಆದರೆ ಕೊನೆಯಲ್ಲಿ ಇರುವ ಅಕ್ಷರ ಎಚ್. ಅದು ತಾಳುವ ವೇಗ ಗಂಟೆಗೆ 210 ಕಿಲೋಮೀಟರ್. ನನ್ನ ಗಾಡಿಗೆ ಕಂಪನಿ ಕೇಳಿರುವುದು 94 ಡಬ್ಲ್ಯೂ, ಅಂದರೆ ಒಂದು ಟೈರಿಗೆ 670 ಕಿಲೋ ಭಾರ, 270ರ ವೇಗ. ಬೈಪಾಸಿನಲ್ಲಿ ನಾನು ಅದರ ಅರ್ಧಕ್ಕೂ ಹೋಗುವವನಲ್ಲ. ಆದರೂ ಕೆಳಗಿನ ಅಕ್ಷರ ನನಗೆ ಬೇಡ. ಆ ಅಕ್ಷರ ವೇಗದ್ದಷ್ಟೇ ಅಲ್ಲ, ಬಿಸಿ ತಾಳುವ ಕಸುವಿನದು ಕೂಡ.

ಅಣ್ಣನ ಮಗನ ಕಣ್ಣು ಇನ್ನೊಂದರ ಮೇಲೆ. ಮೊಬೈಲಿನಲ್ಲಿ ತೋರಿಸುತ್ತಾನೆ: ಟ್ರೆಡ್‌ವೇರ್ 200, ರೇಸಿನವರು ಇಷ್ಟಪಡುವ ಅಂಟು ರಬ್ಬರು. "ಬೆಂಗಳೂರಿಂದ ತರಿಸಿಕೊಡ್ತೀನ್ರಿ," ಎನ್ನುತ್ತಾರೆ ಅಂಗಡಿಯವರು, ಉತ್ಸಾಹವಿಲ್ಲದೆ. ನನಗೂ ಮನಸ್ಸು ಬಾರದು. ಅಂಥ ರಬ್ಬರು ಕಾದ ಮೇಲೆ ನೆಲ ಕಚ್ಚುತ್ತದೆ. ನನ್ನ ಗಾಡಿಗೆ ಹಿಡಿತ ಬೇಕಾದದ್ದು ಮನೆ ಬಿಟ್ಟ ಮೊದಲ ಐದು ಕಿಲೋಮೀಟರಿನಲ್ಲಿ. ಶಕ್ತಿ ಹೆಚ್ಚಿರುವ ಗಾಡಿಯ ತೊಂದರೆ ಇದೇ. ಎಂಜಿನ್ನು ಎಷ್ಟೇ ಜೋರಿರಲಿ, ನೆಲಕ್ಕೆ ತಾಗುವುದು ಟೈರಿಗೆ ಒಂದು ಚಾಚಿದ ಅಂಗೈಯಷ್ಟು ಜಾಗ. ನಾಲ್ಕು ಸೇರಿದರೆ ನಾಲ್ಕು ಅಂಗೈ. ಎಳೆಯುವ ಕೆಲಸ ಅದರಲ್ಲಿ ಎರಡಕ್ಕೆ ಮಾತ್ರ.

ಮೂರನೆಯದನ್ನು ಅವರು ಮೇಲಿನ ಅಟ್ಟದಿಂದ ಉರುಳಿಸಿಕೊಂಡು ತರುತ್ತಾರೆ. ಟ್ರೆಡ್‌ವೇರ್ 300. ಒದ್ದೆ ನೆಲದಲ್ಲಿ ಬ್ರೇಕ್ ಹಿಡಿಯುವ ದರ್ಜೆ ಎರಡು ಎ, ಅದಕ್ಕಿಂತ ಮೇಲಿನ ದರ್ಜೆ ಇಲ್ಲ. ಭಾರ 94, ವೇಗ ಡಬ್ಲ್ಯೂ. ಟ್ರೆಡ್‌ವೇರ್ ಅಂಕಿಯನ್ನು ಕಂಪನಿಗಳು ತಾವೇ ಕೊಟ್ಟುಕೊಳ್ಳುತ್ತವೆ, ಹಾಗಾಗಿ ಅದೊಂದನ್ನೇ ನಂಬುವುದಿಲ್ಲ. ಬಗ್ಗಿ ಇಸವಿ ನೋಡುತ್ತೇನೆ. ನಾಲ್ಕರಲ್ಲಿ ಮೂರು ಇದೇ ವರ್ಷದವು. ಒಂದು ಮಾತ್ರ ಎರಡು ವರ್ಷ ಹಳೆಯದು.

"ಇದೊಂದು ಬದಲಿ ಮಾಡಿ ಕೊಡ್ರಿ."

ಅಂಗಡಿಯವರು ನನ್ನ ಮುಖ ನೋಡಿ ನಗುತ್ತಾರೆ. "ಆತ್ರಿ, ಮುಂಜಾನಿ ಕಲತದ್ದು ಮಧ್ಯಾಹ್ನ ನಮಗ ಹಚ್ಚಿದ್ರಿ." ಹುಡುಗನೊಬ್ಬ ಇನ್ನೊಂದನ್ನು ಹುಡುಕಿ ತರುತ್ತಾನೆ.

ಜಾಕ್ ಏರುತ್ತದೆ. ಹಳೆಯ ಟೈರು ರಿಮ್ಮಿನಿಂದ ಬಿಡಿಸಿಕೊಳ್ಳುವಾಗ ಒಣಗಿದ ಚರ್ಮದಂತೆ ಕಿರುಗುಟ್ಟುತ್ತದೆ. ಒಳಮೈಯಲ್ಲಿ ಕೂದಲೆಳೆಯ ಬಿರುಕುಗಳು. ಹೊಸದರ ಅಂಚಿಗೆ ಸೋಪಿನ ನೀರು ಸವರಿ, ಹವಾ ಬಿಡುತ್ತಿದ್ದಂತೆ ಟಪ್ ಟಪ್ ಎಂದು ಎರಡು ಸದ್ದು, ಅಂಚು ತನ್ನ ಜಾಗದಲ್ಲಿ ಕೂತಿತು. ವಾಲ್ವ್‌ಗಳೂ ಹೊಸವು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಗಾಲಿ ಗಿರ್ರನೆ ತಿರುಗಿ ನಿಲ್ಲುತ್ತದೆ, ರಿಮ್ಮಿನ ಒಳಗೆ ಐದು ಗ್ರಾಂ, ಹತ್ತು ಗ್ರಾಂ ತೂಕದ ತುಂಡುಗಳು ಅಂಟುತ್ತವೆ. ಹಣ ಎಣಿಸುವಾಗ ಕೈ ಭಾರವಾದದ್ದು ನಿಜ. ಹಿಂದಿನ ಎರಡಷ್ಟೇ ಹಾಕಿಸಿದ್ದರೂ ನಡೆಯುತ್ತಿತ್ತೇನೋ, ಆದರೆ ಮುಂದಿನವೂ 2017ರವೇ ಆಗಿದ್ದವು.

"ಇನ್ನೂರು ಕಿಲೋಮೀಟರ್ ಸಾವಕಾಶ ಹೊಡೀರಿ," ಅಂಗಡಿಯವರು ಬಾಗಿಲ ತನಕ ಬರುತ್ತಾರೆ. "ಹೊಸ ರಬ್ಬರಿಗೆ ಅಚ್ಚಿನ ಜಿಡ್ಡು ಇರ್ತೈತಿ. ನಾಳೆ ಮುಂಜಾನಿ ಗಾಡಿ ತಗಿಯೂದಕ್ಕಿಂತ ಮೊದಲ ಹವಾ ನೋಡ್ರಿ."

ಮರುದಿನ, ಅದೇ ಆರೂಮುಕ್ಕಾಲು, ಅದೇ 14 ಡಿಗ್ರಿ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಗೇಜ್ ಹಚ್ಚುತ್ತೇನೆ. 31. ಕಾಲಿನಿಂದ ತುಳಿಯುವ ಪಂಪಿನಲ್ಲಿ ಅಣ್ಣನ ಮಗ ಎರಡು ಪಾಯಿಂಟ್ ಏರಿಸುತ್ತಾನೆ, ಈಗ ಅವನ ಹಣೆಯಲ್ಲಿ ಬೆವರು. ಗಾಡಿ ಗೋಕುಲ ರಸ್ತೆಯ ತಿರುವಿಗೆ ಬರುತ್ತದೆ. ಬಲಕ್ಕೆ, ಮಂಜಿನೊಳಗಿಂದ, ಬಸ್ಸಿನ ಎರಡು ದೀಪ. ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟು, ಅದು ಹಾದುಹೋಗುವ ತನಕ ಕಾಯುತ್ತೇನೆ.