ಧಮನಿಯೊಳಗಿನ ಗಾಳಿ

ಪರೀಕ್ಷೆಯ ಹಿಂದಿನ ರಾತ್ರಿ. ಹುಡುಗ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಾನೆ: 'ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ.' ತಾಯಿ ಪುಸ್ತಕ ಹಿಡಿದು ಒಪ್ಪಿಸಿಕೊಳ್ಳುತ್ತಾಳೆ. ಮರುದಿನದ ಪ್ರಶ್ನೆ: ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಎಂಥ ರಕ್ತವಿರುತ್ತದೆ? ಹುಡುಗ 'ಶುದ್ಧ ರಕ್ತ' ಎಂದು ಬರೆದು ಬರುತ್ತಾನೆ. ಅಲ್ಲಿರುವುದು ಆಮ್ಲಜನಕ ಕಡಿಮೆಯಾದ ರಕ್ತ! ಕಷ್ಟಪಟ್ಟು ಓದಿಯೂ ಅಂಕ ಹೋಯಿತು.

ಪದವನ್ನು ಬಿಡಿಸಿ ನೋಡಿದ್ದರೆ ಈ ತಪ್ಪಾಗುತ್ತಿರಲಿಲ್ಲ. 'ಅಪ' ಎಂದರೆ ಆಚೆಗೆ, 'ಅಭಿ' ಎಂದರೆ ಕಡೆಗೆ. ಹೃದಯದಿಂದ ರಕ್ತವನ್ನು ಆಚೆಗೆ ಒಯ್ಯುವುದು ಅಪಧಮನಿ. ಹೃದಯದ ಕಡೆಗೆ ತರುವುದು ಅಭಿಧಮನಿ. ರಕ್ತ ಶುದ್ಧವೋ ಅಶುದ್ಧವೋ ಎಂಬ ಮಾತು ಹೆಸರಿನಲ್ಲಿ ಇಲ್ಲವೇ ಇಲ್ಲ.

ಇನ್ನು 'ಧಮನಿ'. ಸಂಸ್ಕೃತದಲ್ಲಿ 'ಊದು' ಎಂಬ ಅರ್ಥದ 'ಧ್ಮಾ' ಧಾತುವಿನಿಂದ ಬಂದ ಪದವಿದು. ಅಜ್ಜಿ ಒಲೆಯ ಮುಂದೆ ಹಿಡಿಯುತ್ತಿದ್ದ ಊದುಕೊಳವೆಗೆ ನೆಂಟ! ಸೋಜಿಗವೆಂದರೆ, ಇಂಗ್ಲಿಷಿನ 'ಆರ್ಟರಿ'ಗೆ ಮೂಲವಾದ ಗ್ರೀಕ್ ಪದವೂ ಮೊದಲು ಶ್ವಾಸನಾಳದ ಹೆಸರಾಗಿತ್ತು.

ರಕ್ತನಾಳಕ್ಕೂ ಉಸಿರಿಗೂ ಎಲ್ಲಿಯ ನಂಟು? ಸತ್ತ ಪ್ರಾಣಿಯನ್ನು ಕೊಯ್ದು ನೋಡಿದರೆ ಅಪಧಮನಿಗಳು ಬಹುಮಟ್ಟಿಗೆ ಖಾಲಿ. ಅವುಗಳ ದಪ್ಪ ಗೋಡೆ ಕುಗ್ಗಿ, ರಕ್ತ ಅಭಿಧಮನಿಗಳಿಗೆ ಸರಿದಿರುತ್ತದೆ. ಖಾಲಿ ಕೊಳವೆ ಕಂಡವರಿಗೆ ಗಾಳಿಯ ನೆನಪಾದದ್ದು ಸಹಜ. ಕ್ರಿ.ಪೂ. 3ನೇ ಶತಮಾನದ ಗ್ರೀಕ್ ವೈದ್ಯ ಎರಸಿಸ್ಟ್ರಾಟಸ್, ಅಪಧಮನಿಗಳಲ್ಲಿ ಇರುವುದು 'ನ್ಯೂಮಾ' ಎಂಬ ಜೀವದ ಗಾಳಿ ಎಂದ. ಹಾಗಾದರೆ ಗಾಯವಾದಾಗ ರಕ್ತ ಚಿಮ್ಮುವುದೇಕೆ? ಗಾಳಿ ಹೊರಟುಹೋದ ಜಾಗಕ್ಕೆ ಪಕ್ಕದ ನಾಳಗಳ ರಕ್ತ ನುಗ್ಗುತ್ತದೆ ಎಂಬುದು ಅವನ ಸಮಜಾಯಿಷಿ.

ಕ್ರಿ.ಶ. 2ನೇ ಶತಮಾನದಲ್ಲಿ ಗ್ಯಾಲನ್ ಎಂಬ ವೈದ್ಯ ಇದನ್ನು ಪರೀಕ್ಷಿಸಿಯೇ ನೋಡಿದ. ಜೀವಂತ ಪ್ರಾಣಿಯ ಅಪಧಮನಿಯನ್ನು ಎರಡು ಕಡೆ ದಾರದಿಂದ ಬಿಗಿದು, ನಡುವೆ ಸೀಳಿದ. ಪಕ್ಕದಿಂದ ಏನೂ ನುಗ್ಗುವಂತಿರಲಿಲ್ಲ. ಆದರೂ ಒಳಗಿದ್ದದ್ದು ರಕ್ತವೇ! ಆ ರಕ್ತ ಅಪಧಮನಿಗಳಲ್ಲಿ ಹೊರಟು ಅಭಿಧಮನಿಗಳಲ್ಲಿ ಹೃದಯಕ್ಕೆ ಮರಳುತ್ತದೆ ಎಂದು ವಿಲಿಯಂ ಹಾರ್ವೆ ತೋರಿಸಿಕೊಟ್ಟದ್ದು 1628ರಲ್ಲಿ. ಗಾಳಿಯ ಮಾತು ಸುಳ್ಳಾಯಿತು. ಹೆಸರು ಮಾತ್ರ ಉಳಿಯಿತು.

ಮುಂದಿನ ಸಲ ಪಾಠ ಒಪ್ಪಿಸಿಕೊಳ್ಳುವಾಗ ತಾಯಿ ಪುಸ್ತಕ ಮಡಿಸಿಟ್ಟು, ಮಗನ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಡಲಿ. 'ಇಲ್ಲಿ ಮಿಡಿಯುವುದು ಯಾವುದೋ, ಅಪವೋ ಅಭಿಯೋ?' ಎಂದು ಕೇಳಲಿ. ಹೃದಯ ತಳ್ಳಿದ ರಕ್ತ ಆಚೆಗೆ ಹೊರಟಿದೆ ಎಂದು ಬೆರಳಿಗೇ ತಿಳಿದರೆ, ಬಾಯಿಪಾಠದ ಗೊಡವೆಯೇ ಬೇಡ.