ಬೆನ್ನ ಹಿಂದಿನ ಬಟ್ಟಲು

ಕೊಡೆ ಮಡಚಿ ಹೊರಗೇ ಇಡಿ. ಚಪ್ಪಲಿಯೂ ಅಲ್ಲೇ ಇರಲಿ. ಮೆಟ್ಟಿಲಿನ ಕೆಂಪುಕಲ್ಲಿಗೆ ಪಾಚಿ ಹಿಡಿದಿದೆ. ಸಹಾಯಕಿ ಬೆಳಿಗ್ಗೆ ಬಂದವರೇ ಬ್ಲೀಚಿಂಗ್ ಪುಡಿ ಹಾಕಿ ಹಿಡಿಸೂಡಿಯಲ್ಲಿ ಉಜ್ಜಿದ್ದಾರೆ, ಆದರೂ ನೋಡಿ ಕಾಲಿಡಿ. ಆಟಿ ತಿಂಗಳು, ತುಳುನಾಡಿನಲ್ಲಿ ಜೋರು ಮಳೆಯ ಕಾಲ. ನಿನ್ನೆ, ಮೊನ್ನೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದರು. ಇವತ್ತೂ ತಾಯಂದಿರು ವಾಟ್ಸ್ಆ್ಯಪ್ ನೋಡುತ್ತ ಕೂತು, ರಜೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮಕ್ಕಳ ತಲೆ ಬಾಚಿದ್ದಾರೆ.

ಅಂಬಲಪಾಡಿ ಬೈಪಾಸಿನಲ್ಲಿ ಬಸ್ಸಿಳಿದು, ಲಾರಿಗಳ ಕೆಸರು ಹಾರಿಸಿಕೊಂಡು, ಹೆದ್ದಾರಿ ದಾಟಿ ಬಂದಿದ್ದೀರಿ. ಜನಾರ್ದನ-ಮಹಾಕಾಳಿ ದೇವಸ್ಥಾನದ ಊರು ಇದು. ಯಾವ ಅಂಗನವಾಡಿ ಎಂದು ಕೇಳಬೇಡಿ, ಮಕ್ಕಳ ಹೆಸರನ್ನೂ ಹೇಳಲಾರೆ. ಇಂಥ ಕೋಣೆ ಉಡುಪಿಯ ಸುತ್ತ ಎಷ್ಟೋ ಇವೆ.

ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ. ಚಿಲಕ ನಿಮ್ಮ ಭುಜದ ಮಟ್ಟದಲ್ಲಿದೆ, ಮಕ್ಕಳ ಕೈಗೆ ಎಟುಕದು. ಕಿಟಕಿಯಿಂದ ಬಾವಿ ಕಾಣುತ್ತದೆ. ಕಟ್ಟೆಯ ಮೇಲೆ ಹಳೆಯ ಮೀನುಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದಾರೆ. ಆಚೆಗೆ ತೋಡು ತುಂಬಿ ಹರಿಯುತ್ತಿದೆ. ಗೋಡೆಯ ಮೇಲೆ 1098 ಎಂದು ದಪ್ಪಕ್ಕೆ ಬರೆದಿದೆ, ಮಕ್ಕಳ ಸಹಾಯವಾಣಿ. ಅದರ ಪಕ್ಕದ ಹಾಳೆಯಲ್ಲಿ ಯಾವ ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಎಂಬ ಪಟ್ಟಿ. ಪಟ್ಟಿಯಲ್ಲಿ ಇಲ್ಲದವರು ಸ್ವಂತ ಮಾವನೇ ಆದರೂ ಟೀಚರ್ ಮಗುವನ್ನು ಬಿಡುವುದಿಲ್ಲ. ಇದಕ್ಕಾಗಿ ಅವರಿಗೆ ಬೈಗುಳವೂ ಬಿದ್ದಿದೆ.

ಗಂಟೆ ಒಂಬತ್ತೂವರೆ ದಾಟಿತು. ಕ್ಷೀರಭಾಗ್ಯದ ಹಾಲು ಕುದಿಯುತ್ತಿದೆ. 2013ರಿಂದ ನಡೆದುಬಂದ ಹಾಲು ಅದು, ಪುಡಿಯನ್ನು ಬಿಸಿನೀರಿನಲ್ಲಿ ಕಲಸಿದ್ದು. ಚಾಪೆಯ ಮೇಲೆ ಹನ್ನೆರಡು ಮಕ್ಕಳು. ಮೂವರಿಗೆ ಒಟ್ಟಿಗೇ ಬಾಯಾರಿಕೆಯಾಗುತ್ತದೆ.

“ಟೀಚರ್, ನೀರ್ ಬೋಡು.”

“ಉದಾಕ್ ಜಾಯ್.”

“ನೀರ್ ಬೇಕ್ರೀ.”

ಟೀಚರ್ ಮೂವರಿಗೂ ಲೋಟ ಕೊಡುತ್ತಾರೆ, ಒಬ್ಬರನ್ನೂ ತಿದ್ದುವುದಿಲ್ಲ. ನಾನಾಗಿದ್ದರೆ ‘ಸರಿಯಾಗಿ ಕನ್ನಡದಲ್ಲಿ ಕೇಳು’ ಎಂದುಬಿಡುತ್ತಿದ್ದೆನೇನೋ. ಅವರ ಲೆಕ್ಕ ಬೇರೆ. ಕಪಾಟಿನ ಬಾಗಿಲಿಗೆ ಅವರು ರಟ್ಟೊಂದನ್ನು ಅಂಟಿಸಿದ್ದಾರೆ, ಹತ್ತಿರ ಹೋಗಿ ಓದಿ: ಹಸಿವು, ನೋವು, ಹೆದರಿಕೆ, ಒಂದಕ್ಕೆ ಹೋಗಬೇಕು. ಪ್ರತಿಯೊಂದರ ಎದುರೂ ತುಳು, ಕೊಂಕಣಿ, ಘಟ್ಟದ ಮೇಲಿನ ಕನ್ನಡ. ನೋವಿಗೆ ತುಳುವಿನಲ್ಲಿ ಬೇನೆ, ಬಾಗಲಕೋಟೆಯ ಕಡೆ ಬ್ಯಾನಿ, ಕೊಂಕಣಿಯ ಮಗು ‘ದುಕ್ತಾ’ ಎನ್ನುತ್ತದೆ. ಎಲ್ಲಿ ನೋಯುತ್ತದೆ, ಯಾರು ಮುಟ್ಟಿದರು ಎಂದು ಹೇಳಲು ಮಗುವಿಗೆ ಇರುವುದು ಮನೆಯ ಮಾತೊಂದೇ. ಆ ಮಾತು ಟೀಚರಿಗೆ ತಿಳಿಯದಿದ್ದರೆ ಎತ್ತರದ ಚಿಲಕವಾಗಲಿ ಬಾವಿಯ ಬಲೆಯಾಗಲಿ ಏನೂ ಮಾಡಲಾರದು.

ಇನ್ನು ಗೋಡೆಗೆ ಆತು ಕೂತಿರುವ ಆ ಹುಡುಗನನ್ನು ನೋಡಿ. ನೀಲಿ ಅಂಗಿ, ಮೂರೂವರೆ ವರ್ಷ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆಯ ಕಡೆಯಿಂದ ಬಂದವರು. ನೀರು ಕೇಳಿದ ಮೂವರಲ್ಲಿ ಇವನಿಲ್ಲ. ಇವನು ಏನನ್ನೂ ಕೇಳುವುದಿಲ್ಲ.

“ಅವನಿಗೆ ನಮ್ಮ ಭಾಷೆ ಬರುವುದಿಲ್ಲ ಅಲ್ವಾ ಟೀಚರ್,” ಎನ್ನುತ್ತಾರೆ ಸಹಾಯಕಿ.

ನೀವೂ ತಲೆಯಾಡಿಸುತ್ತೀರಿ. ಐದಾರು ಭಾಷೆ ಓಡಾಡುವ ಊರಿನಲ್ಲಿ ಸುಮ್ಮನಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಟೀಚರ್ ಮಾತ್ರ ಒಪ್ಪಿಲ್ಲ. ‘ನೀರ್ ಬೇಕ್ರೀ’ ಎಂದ ಹುಡುಗಿಯೂ ಅದೇ ಕಡೆಯವಳು. ಇಬ್ಬರೂ ಬಂದು ಎರಡು ತಿಂಗಳಾಯಿತು. ಅವಳು ಆಗಲೇ ತುಳುವಿನಲ್ಲಿ ಜಗಳ ಮಾಡುತ್ತಾಳೆ.

ಹಾಡು ಶುರುವಾಯಿತು. ಹುಡುಗನ ಕೈಯನ್ನು ಗಮನಿಸಿ. ಎಲ್ಲರಂತೆ ಚಪ್ಪಾಳೆ ತಟ್ಟುತ್ತಾನೆ, ಆದರೆ ಪ್ರತಿ ಸಲವೂ ಅರ್ಧ ಕ್ಷಣ ತಡ. ಮೊದಲು ಎದುರಿನ ಹುಡುಗಿಯ ಕೈ ನೋಡಿ ಆಮೇಲೆ ತಟ್ಟುತ್ತಾನೆ.

ಟೀಚರ್ ನಿಮಗೆ ಸುಮ್ಮನಿರಲು ಸನ್ನೆ ಮಾಡುತ್ತಾರೆ. ಅವನ ಮುಂದೆ ಮರದ ತುಂಡುಗಳನ್ನು ಸುರಿದು, ಅವನು ಜೋಡಿಸುವುದರಲ್ಲಿ ಮುಳುಗಿದ ಮೇಲೆ ನೆರಳು ಬೀಳದಂತೆ ಹಿಂದೆ ಹೋಗಿ ನಿಲ್ಲುತ್ತಾರೆ. ಕೈಯಲ್ಲಿ ಸ್ಟೀಲಿನ ಬಟ್ಟಲು, ಚಮಚ. ಮೆಲ್ಲಗೆ ಒಂದು ಪೆಟ್ಟು. ಹನ್ನೊಂದು ತಲೆಗಳು ತಿರುಗುತ್ತವೆ. ಇನ್ನೊಂದು, ಸ್ವಲ್ಪ ಜೋರಾಗಿ. ನೀಲಿ ಅಂಗಿ ತುಂಡಿನ ಮೇಲೆ ತುಂಡಿಡುತ್ತಿದೆ. ಮೂರನೆಯದಕ್ಕೆ ಅಡುಗೆ ಕೋಣೆಯಿಂದ ಸಹಾಯಕಿಯೇ ಇಣುಕಿದರು. ಹುಡುಗ ತಲೆಯೆತ್ತಿದ, ಆದರೆ ಹಿಂದಕ್ಕಲ್ಲ. ಬೇರೆ ಮಕ್ಕಳು ಎತ್ತ ನೋಡುತ್ತಿದ್ದಾರೆಂದು ನೋಡಿ, ಆಮೇಲೆ ತಿರುಗಿ, ಬಟ್ಟಲು ಕಂಡು ನಕ್ಕ.

ಸಹಾಯಕಿಯ ಮುಖ ಬಾಡಿತು. ಟೀಚರ್ ರಿಜಿಸ್ಟರಿನಲ್ಲಿ ತಾರೀಕು ಹಾಕಿ ಎರಡು ಸಾಲು ಬರೆದರು. ‘ಕಿವುಡ’ ಎಂದು ಬರೆಯಲಿಲ್ಲ. ಕಿವಿಯ ಗುಗ್ಗೆ ಇರಬಹುದು, ಮಳೆಗಾಲದ ಶೀತದಿಂದ ಒಳಗೆ ನೀರು ನಿಂತಿರಬಹುದು, ನರದ ದೋಷವೂ ಇರಬಹುದು. ಹೇಳಬೇಕಾದವರು ವೈದ್ಯರು. ಟೀಚರ್ ಕೆಲಸ ಕಳಿಸುವುದು.

ಕಳಿಸಲು ದಾರಿಯಿದೆ. ವಿಶೇಷ ಅಗತ್ಯದ ಮಕ್ಕಳನ್ನು ಬೇಗ ಗುರುತಿಸಿ, ಅಂಗನವಾಡಿಯಲ್ಲೇ ಉಳಿದ ಮಕ್ಕಳೊಟ್ಟಿಗೆ ಬೆಳೆಸಿ, ಆಶಾ ಕಾರ್ಯಕರ್ತೆಯರ ಮತ್ತು ವೈದ್ಯ ತಂಡದ ಮೂಲಕ ಚಿಕಿತ್ಸೆಗೆ ತಲುಪಿಸಬೇಕೆಂಬ ಕ್ರಮವನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರಿನಲ್ಲಿ ಹೊರಡಿಸಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ತಪಾಸಣೆ ಮಾಡಬೇಕು. ಆ ತಂಡ ಬರುವವರೆಗೆ ಈ ಟೀಚರ್ ಕಾಯುವುದಿಲ್ಲ. ಮೂರರಿಂದ ಆರು ವರ್ಷದ ನಡುವಿನ ತಿಂಗಳುಗಳು ತಿರುಗಿ ಬರುವಂಥವಲ್ಲ ಎಂದು ಅವರಿಗೆ ಗೊತ್ತು. ಅಂದಹಾಗೆ, ಇಷ್ಟೆಲ್ಲ ಮಾಡುವವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಕೇಂದ್ರದ ಪಾಲು 2018ರಲ್ಲಿ 4,500 ರೂಪಾಯಿಗೆ ಏರಿ ವರ್ಷಗಟ್ಟಲೆ ಅಲ್ಲೇ ನಿಂತಿತು. ಅಂಗನವಾಡಿಗೆ ಐವತ್ತು ವರ್ಷ ತುಂಬಿದೆ. ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಗೌರವ ಹೆಚ್ಚು, ಧನ ಕಮ್ಮಿ ಎಂಬ ತಮಾಷೆಗೂ ಅಷ್ಟೇ ವಯಸ್ಸಿರಬೇಕು.

ನಾಲ್ಕು ಗಂಟೆ. ಸಿಮೆಂಟು ಮೆತ್ತಿದ ಸೀರೆಯಲ್ಲೇ ಅಮ್ಮ ಬಂದಿದ್ದಾಳೆ.

“ಮನೆಯಲ್ಲಿ ಹಿಂದಿನಿಂದ ಕರೆದರೆ ತಿರುಗ್ತಾನಾ ಅಮ್ಮ?”

“ಮುಂದ ಬಂದು ಕರದ್ರ ನೋಡ್ತಾನ್ರೀ. ಹಟಾ ಭಾಳ ಅಂವಗ.”

ಟೀಚರ್ ಬಟ್ಟಲಿನ ಕಥೆ ಹೇಳಿ, ಆಸ್ಪತ್ರೆಯಲ್ಲಿ ತೋರಿಸಬೇಕು ಎನ್ನುತ್ತಾರೆ. ಅಮ್ಮ ಕೇಳುವ ಮೊದಲ ಪ್ರಶ್ನೆ ಕಿವಿಯದಲ್ಲ, “ಒಂದು ದಿನದ ಕೂಲಿ ಹೋಗ್ತೈತೇನ್ರೀ?” ಎಂದು. ಹೋಗುತ್ತದೆ. ಟೀಚರ್ ಸುಳ್ಳು ಹೇಳುವುದಿಲ್ಲ. ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇಲ್ಲಿಂದ ದೂರವಿಲ್ಲ, ಆಶಾ ಅಕ್ಕ ಜೊತೆಗೆ ಬರುತ್ತಾರೆ, ಚೀಟಿ ಮಾಡಿಸಿ ಕೊಡುತ್ತಾರೆ ಎನ್ನುತ್ತಾರೆ. ಅಮ್ಮ ಸೆರಗಿನಿಂದ ಮಗನ ಕಿವಿ ಒರೆಸುತ್ತ ನಿಂತಿದ್ದಾಳೆ. ಕೊನೆಗೆ, “ಸೋಮಾರ ಬರ್ತೀನ್ರೀ,” ಎಂದಳು.

ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ಆದರೆ ಮಧ್ಯಾಹ್ನದಿಂದಲೇ ಹುಡುಗನ ಜಾಗ ಬದಲಾಗಿದೆ. ಈಗ ಅವನು ಮುಂದಿನ ಸಾಲಿನಲ್ಲಿ. ಟೀಚರ್ ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದನ್ನು ಬಿಟ್ಟಿದ್ದಾರೆ, ಬೆಳಕು ಅವರ ಬಾಯಿಯ ಮೇಲೆ ಬೀಳಬೇಕಲ್ಲ. ಮಾತಾಡುವ ಮುಂಚೆ ಅವನ ಭುಜ ಮುಟ್ಟುತ್ತಾರೆ. ಅದನ್ನು ನೋಡಿ ತುಳುವಿನಲ್ಲಿ ಜಗಳ ಮಾಡುವವಳೂ ಭುಜ ಮುಟ್ಟಿಯೇ ಜಗಳ ತೆಗೆಯುತ್ತಿದ್ದಾಳೆ.

ಕೊಡೆ ತೆಗೆದುಕೊಳ್ಳಿ, ಮಳೆ ನಿಂತಿಲ್ಲ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮಾತು ತಡವಾದ ಮಗುವಿದ್ದರೆ, ‘ಅವರಪ್ಪನೂ ಹಾಗೇ, ತಡವಾಗಿ ಮಾತಾಡಿದ್ದು’ ಎನ್ನುವ ಮೊದಲು ಒಂದು ಸಲ ಬೆನ್ನ ಹಿಂದೆ ನಿಂತು ಬಟ್ಟಲು ಬಡಿದು ನೋಡಿ. ತಿರುಗದಿದ್ದರೆ ಆ ವಾರವೇ ಆಸ್ಪತ್ರೆಗೆ ಹೋಗಿ. ತಿರುಗಿದರೂ ಮಾತು ಬಾರದಿದ್ದರೆ, ಆಗಲೂ ಹೋಗಿ.