ಯಾವೂರು ನಿಮ್ದು?

ಕೆಲಸದ ನೆಪದಲ್ಲಿ ಊರೂರು ತಿರುಗುವವರಿಗೆ ಒಂದು ಪ್ರಶ್ನೆ ಬೆನ್ನು ಬಿಡೋದೇ ಇಲ್ಲ: "ಯಾವೂರು ನಿಮ್ದು?" ಪಾಸ್‌ಪೋರ್ಟಿನಲ್ಲಿ ಇದಕ್ಕೆ ಒಂದೇ ಉತ್ತರ. ನನ್ನ ಹತ್ರ ಆರೇಳು ಇವೆ. ಕೇಳುವವರು ಎಷ್ಟು ದೂರದವರು ಅಂತ ನೋಡಿ ಒಂದನ್ನು ತೆಗೆದು ಕೊಡ್ತೀನಿ.

ನೆದರ್‌ಲ್ಯಾಂಡ್ಸಿನಲ್ಲಿ ಕೇಳಿದರೆ ಇಂಡಿಯಾ. ದೆಹಲಿಯಲ್ಲಿ ಬೆಂಗಳೂರು. ಬೆಂಗಳೂರಲ್ಲಿ ಶಿವಮೊಗ್ಗ, ಶಿವಮೊಗ್ಗದಲ್ಲಿ ಸಾಗರ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಳ್ಳಿಯ ಹೆಸರು. ಹಳ್ಳಿಯಲ್ಲಿ ಇಳಿದ ಮೇಲೆ ಅದೂ ಸಾಲದು. ಕಟ್ಟೆ ಮೇಲೆ ಕೂತ ಹಿರಿಯರು ಕಣ್ಣು ಕಿರಿದು ಮಾಡಿ "ಯಾರ ಮನೆ ಮಾಣಿ?" ಅಂತಾರೆ, ಅಜ್ಜನ ಹೆಸರು ಹೇಳಬೇಕು. ಥೇಟು ಗೂಗಲ್ ಮ್ಯಾಪ್ ಜೂಮ್ ಮಾಡಿದ ಹಾಗೆ.

ಕೇಳುವವರಲ್ಲೂ ನಾನಾ ಬಗೆ. ರೈಲಿನಲ್ಲಿ ಎದುರು ಸೀಟಿನವರಿಗೆ ನಿಜವಾಗಿ ಬೇಕಾಗಿರೋದು ಊರಲ್ಲ, ಜಾತಿ. ಊರು ಬರೀ ಪೀಠಿಕೆ. ಲಾಡ್ಜಿನ ಹುಡುಗನಿಗೆ ಆಧಾರ್ ಜೆರಾಕ್ಸ್ ಸಿಕ್ಕರೆ ಸಾಕು, ಅದರಲ್ಲಿ ಏನಿದೆ ಅಂತ ಓದೋದಿಲ್ಲ. ಮನಸ್ಸಿಟ್ಟು ಕೇಳೋರು ಅಂದ್ರೆ ಕ್ಯಾಬ್ ಡ್ರೈವರುಗಳು. ಯಾಕಂದ್ರೆ ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರು. "ನಿಮ್ ಕಡೆ ಮಳೆ ಹೆಂಗೆ ಸಾರ್?" ಅಂತ ಶುರುವಾದರೆ ಏರ್‌ಪೋರ್ಟ್ ಬಂದಿದ್ದೇ ಗೊತ್ತಾಗಲ್ಲ.

ಅಜ್ಜನ ಹತ್ರ ಮಾತ್ರ ಈ ಪ್ರಶ್ನೆಗೆ ಒಂದೇ ಉತ್ತರ ಇತ್ತು. ಯಾರೇ ಕೇಳಲಿ, ಈಗಿರುವ ಹಳ್ಳಿಯ ಹೆಸರು ಹೇಳ್ತಾ ಇರಲಿಲ್ಲ. "ನಮ್ಮೂರು ನೀರಲ್ಲಿದೆ" ಅನ್ನುತ್ತಿದ್ದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಮನೆ, ಗದ್ದೆ, ಅಡಿಕೆ ತೋಟ ಬಿಟ್ಟು ಎದ್ದು ಬಂದವರಲ್ಲಿ ಅವನೂ ಒಬ್ಬ. ಆ ನೀರಿಗೆ ನಮ್ಮವರು ತಮ್ಮವರು ಅನ್ನೋದು ಇರಲಿಲ್ಲ ಬಿಡಿ. ಅದೇ ನದಿಗೆ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ಮುಳುಗಿಸಿತು! ಮಳೆ ಕೈಕೊಟ್ಟ ವರ್ಷ, ಬೇಸಿಗೆಯಲ್ಲಿ, ಆ ಹಳೇ ಅಣೆಕಟ್ಟು ಮೇಲೆ ಬರುತ್ತೆ. ಜನ ಫೋಟೋ ತೆಗೆಯೋಕೆ ಹೋಗ್ತಾರೆ. ಅಜ್ಜ ಒಂದು ಸಲವೂ ಹೋಗಲಿಲ್ಲ.

ಐಂಡ್‌ಹೋವನ್ನಿನ ಆಫೀಸಿನಲ್ಲಿ ಒಂದು ಮಧ್ಯಾಹ್ನ ಊಟದ ಹೊತ್ತು (ಊಟ ಅಂದ್ರೆ ಅಲ್ಲಿ ಬ್ರೆಡ್ಡು, ಚೀಸು) ಪಕ್ಕದವನನ್ನು ನಾನೇ ಕೇಳಿದೆ, ಯಾವೂರು ನಿಂದು ಅಂತ. "ಅಲ್ಮೇರ" ಅಂದ. "ನಮ್ಮಪ್ಪ ಹುಟ್ಟಿದಾಗ ಅಲ್ಲಿ ಬರೀ ನೀರಿತ್ತು."

ತಮಾಷೆ ಅಲ್ಲ. 1932ರಲ್ಲಿ ಸಮುದ್ರಕ್ಕೆ ಅಡ್ಡ ಒಡ್ಡು ಕಟ್ಟಿ, ಆಮೇಲೆ ಒಳಗಿನ ನೀರನ್ನು ಭಾಗ ಭಾಗವಾಗಿ ಪಂಪಿನಲ್ಲಿ ಎತ್ತಿ ಹಾಕಿ ಮಾಡಿಕೊಂಡ ನೆಲ ಅದು. ಅಲ್ಮೇರದ ಮೊದಲ ಮನೆ ಮುಗಿದದ್ದು 1976ರಲ್ಲಿ.

"ನಮ್ಮಪ್ಪ ಹುಟ್ಟಿದಾಗ ನಮ್ಮೂರಲ್ಲಿ ನೆಲ ಇತ್ತು, ಈಗ ನೀರು" ಅಂದೆ. ಅವನು ಬ್ರೆಡ್ಡು ಕೆಳಗಿಟ್ಟ.

"ನೀರು ಯಾಕೆ ಬಿಟ್ಟರು?"

"ಕರೆಂಟಿಗೆ."

"ನಿಮ್ಮೂರಿಗಾ?"

ನಗು ಬಂತು. ಶರಾವತಿಯ ದೊಡ್ಡ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅಜ್ಜನ ಹೊಸ ಮನೆ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇತ್ತು. ಬೆಂಗಳೂರಲ್ಲಿ ನನ್ನ ಲ್ಯಾಪ್‌ಟಾಪು, ಲಿಫ್ಟು, ಆಫೀಸಿನ ಎಸಿ ಎಲ್ಲದರಲ್ಲೂ ಆ ನೀರಿನ ಪಾಲಿದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳೋ ಹೊತ್ತಿಗೆ ಲಂಚ್ ಟೈಮ್ ಮುಗಿದಿತ್ತು.

ನಾವು ಸಾಫ್ಟ್‌ವೇರಿನವರು ಊರು ಬಿಟ್ಟು ಬಂದ್ವಿ ಅಂತ ಆಗಾಗ ಕೊರಗ್ತೀವಲ್ಲ, ನಮ್ಮ ಜೇಬಲ್ಲಿ ರಿಟರ್ನ್ ಟಿಕೆಟ್ ಇರುತ್ತೆ. ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ದೋಸೆಗೆ ಮನೆಯಲ್ಲಿ ಇರಬಹುದು. ಅಜ್ಜನ ಊರಿಗೆ ಯಾವ ಬಸ್ಸೂ ಹೋಗಲ್ಲ.

ಪ್ರತಿ ಸಲ ಫಾರ್ಮಿನಲ್ಲಿ "ಖಾಯಂ ವಿಳಾಸ" ತುಂಬುವಾಗ ನಾನು ಈಗಿನ ಹಳ್ಳಿಯನ್ನು ಪಿನ್‌ಕೋಡ್ ಸಮೇತ ಬರೀತೀನಿ. ನಮ್ಮ ದೇಶಕ್ಕೆ ಪಿನ್‌ಕೋಡ್ ಬಂದದ್ದು 1972ರಲ್ಲಿ. ಅಷ್ಟರಲ್ಲಿ ಅಜ್ಜನ ಊರು ಮುಳುಗಿ ಎಂಟು ವರ್ಷವಾಗಿತ್ತು.